ಲಂಡನ್ನಿನ ಆರ್ಬಿಟ್: ಹತ್ತಲು ಅರ್ಧ ನಿಮಿಷ, ಇಳಿಯಲು ಮೂರು ದಾರಿ

ಪೂರ್ವ ಲಂಡನ್ನಿನ ಸ್ಟ್ರಾಟ್‌ಫರ್ಡ್ ನಿಲ್ದಾಣದಲ್ಲಿ ಇಳಿದು ಒಲಿಂಪಿಕ್ ಪಾರ್ಕಿನ ಕಡೆಗೆ ನಡೆದರೆ ಕೆಂಪು ಕೊಳವೆಗಳನ್ನು ಹೊಸೆದು, ಗಂಟು ಹಾಕಿ, ಬಿಚ್ಚಲಾಗದೆ ಹಾಗೇ ಬಿಟ್ಟಂತಹ ಒಂದು ಆಕೃತಿ ಕಣ್ಣಿಗೆ ಬೀಳುತ್ತದೆ. ಎತ್ತರ 114.5 ಮೀಟರ್. ಅದರ ಪೂರ್ತಿ ಹೆಸರು ಆರ್ಸೆಲರ್‌ಮಿತ್ತಲ್ ಆರ್ಬಿಟ್, ಬ್ರಿಟನ್ನಿನ ಅತಿ ಎತ್ತರದ ಶಿಲ್ಪ. ಮೊದಲ ಸಲ ನೋಡಿದವರಿಗೆ ಅದು ಶಿಲ್ಪವೋ, ಗೋಪುರವೋ, ಅರ್ಧಕ್ಕೆ ನಿಂತ ಕಾರ್ಖಾನೆಯೋ ಎಂಬ ಗೊಂದಲವಾಗುವುದು ಸಹಜ. ಹತ್ತಿರ ಹೋದಾಗ ಇನ್ನೊಂದು ವಸ್ತು ಕಾಣುತ್ತದೆ. ಕೆಂಪು ಕೊಳವೆಗಳ ನಡುವೆ ಬೆಳ್ಳಿ ಬಣ್ಣದ ಸಣ್ಣ ಕೊಳವೆಯೊಂದು ಸುತ್ತಿ ಸುತ್ತಿ ಕೆಳಗಿಳಿದಿದೆ. ಅದೇ ಜಾರುಬಂಡೆ. ಉದ್ದ 178 ಮೀಟರ್, ಗೋಪುರಕ್ಕೆ 12 ಸುತ್ತು, ಮೇಲಿಂದ ಕೆಳಕ್ಕೆ ಸುಮಾರು 40 ಸೆಕೆಂಡು.

ಇಲ್ಲಿಗೆ ಬರುವ ಹೆಚ್ಚಿನವರು ಟಿಕೆಟ್ ಕೊಳ್ಳುವಾಗ ಎತ್ತರದ ಬಗ್ಗೆ ಯೋಚಿಸುತ್ತಾರೆ. ಯೋಚಿಸಬೇಕಾದದ್ದು ಇಳಿಯುವ ದಾರಿಯ ಬಗ್ಗೆ. ಲಿಫ್ಟು ಎಲ್ಲರನ್ನೂ ಒಂದೇ ರೀತಿ ಮೇಲಕ್ಕೆ ಒಯ್ಯುತ್ತದೆ. ಇಳಿಯಲು ಮಾತ್ರ ಲಿಫ್ಟು, 455 ಮೆಟ್ಟಿಲು, ಜಾರುಬಂಡೆ ಹೀಗೆ ಮೂರು ದಾರಿಗಳಿವೆ. ಯಾವುದನ್ನು ಆರಿಸಿಕೊಳ್ಳುತ್ತೀರಿ ಎನ್ನುವುದರ ಮೇಲೆ ಟಿಕೆಟ್ಟು, ಉಡುಪು, ಕೈಚೀಲ, ಜೊತೆಗಾರರು, ಬೇಕಾಗುವ ಸಮಯ ಎಲ್ಲವೂ ನಿಂತಿವೆ.

ಬೀಳುವಂತೆ ಕಂಡರೂ ನಿಂತಿರುವುದು ಹೇಗೆ

ಆರ್ಬಿಟ್ಟನ್ನು ರೂಪಿಸಿದವರು ಇಬ್ಬರು. ಮುಂಬೈಯಲ್ಲಿ ಹುಟ್ಟಿದ ಶಿಲ್ಪಿ ಅನೀಶ್ ಕಪೂರ್ ಮತ್ತು ಕೊಲಂಬೊದಲ್ಲಿ ಹುಟ್ಟಿದ ಎಂಜಿನಿಯರ್ ಸೆಸಿಲ್ ಬಾಲ್ಮಂಡ್. ಹಣದ ದೊಡ್ಡ ಪಾಲು ಕೊಟ್ಟದ್ದು ರಾಜಸ್ಥಾನ ಮೂಲದ ಲಕ್ಷ್ಮಿ ಮಿತ್ತಲ್ ಅವರ ಉಕ್ಕಿನ ಕಂಪನಿ. 2009ರ ಜನವರಿಯಲ್ಲಿ ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿ ನಡೆಯುವ ಆರ್ಥಿಕ ಸಮ್ಮೇಳನಕ್ಕೆ ಹೋಗಿದ್ದ ಆಗಿನ ಲಂಡನ್ ಮೇಯರ್ ಬೋರಿಸ್ ಜಾನ್ಸನ್, ಕೋಟು ತೆಗೆದಿಡುವ ಕೋಣೆಯಲ್ಲಿ ಮಿತ್ತಲ್ ಎದುರಾದಾಗ ನಿಂತಲ್ಲೇ ಈ ಗೋಪುರದ ಮಾತು ಎತ್ತಿದರು. ಒಂದು ನಿಮಿಷವೂ ಹಿಡಿಯದ ಆ ಮಾತುಕತೆಯಿಂದ 2.27 ಕೋಟಿ ಪೌಂಡಿನ ಯೋಜನೆ ಹುಟ್ಟಿತು. ಅದರಲ್ಲಿ 1.96 ಕೋಟಿ ಕಂಪನಿಯದು, ಉಳಿದದ್ದು ಸಾರ್ವಜನಿಕ ಹಣ.

2010ರ ಮಾರ್ಚ್‌ನಲ್ಲಿ ಯೋಜನೆ ಪ್ರಕಟವಾಯಿತು. ಕನ್ನಡಿಗರು ನೆನಪಿನಲ್ಲಿಡಬೇಕಾದ ಸಂಗತಿಯೊಂದು ಇಲ್ಲಿದೆ. ಅದೇ ವರ್ಷದ ಜೂನ್‌ನಲ್ಲಿ ಇದೇ ಕಂಪನಿ ಬಳ್ಳಾರಿಯಲ್ಲಿ ಉಕ್ಕಿನ ಕಾರ್ಖಾನೆ ಕಟ್ಟುವುದಾಗಿ ಕರ್ನಾಟಕ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡಿತು. ಲಂಡನ್ನಿನ ಶಿಲ್ಪ ಎರಡೇ ವರ್ಷದಲ್ಲಿ, 2012ರ ಒಲಿಂಪಿಕ್ಸ್ ಹೊತ್ತಿಗೆ ಎದ್ದು ನಿಂತಿತು. ಬಳ್ಳಾರಿ ಬಳಿಯ ಕುಡತಿನಿಯಲ್ಲಿ ಜಮೀನು ಬಿಟ್ಟುಕೊಟ್ಟ ರೈತರು ಮಾತ್ರ ಏಳದ ಕಾರ್ಖಾನೆಗಾಗಿ ವರ್ಷಗಟ್ಟಲೆ ಕಾದರು, ಧರಣಿ ಕೂತರು.

ಗೋಪುರ ಎಂದರೆ ನೆಟ್ಟಗೆ, ಎರಡೂ ಬದಿ ಸಮನಾಗಿ ನಿಲ್ಲುವಂಥದ್ದು ಎಂಬ ಕಲ್ಪನೆಯನ್ನೇ ಕಪೂರ್ ಮತ್ತು ಬಾಲ್ಮಂಡ್ ಬಿಟ್ಟುಕೊಟ್ಟರು. ಒಂದು ಗೆರೆ ಕಕ್ಷೆಯಲ್ಲಿ ಸುತ್ತುತ್ತಾ ಹೋಗಲಿ, ಅದು ತನ್ನನ್ನು ತಾನೇ ಮುಟ್ಟಿದ ಕಡೆಯಲ್ಲೆಲ್ಲ ಆಸರೆ ಸಿಗಲಿ ಎನ್ನುವುದು ಅವರ ಯೋಚನೆ. ಕೆಳಗೆ ನಿಂತು ನಿಧಾನವಾಗಿ ನೋಡಿದರೆ ಇದು ಅರ್ಥವಾಗುತ್ತದೆ. ನಡುವೆ ಲಿಫ್ಟು ಮತ್ತು ಮೆಟ್ಟಿಲುಗಳನ್ನು ಹೊತ್ತ ಕಾಂಡವಿದೆ. ಅದರ ಸುತ್ತ ಕೆಂಪು ಜಾಲರಿ ಬಳುಕುತ್ತಾ ಮೇಲೇರಿ, ಹೊರಚಾಚಿ, ಮತ್ತೆ ಒಳಬಂದು ಕಾಂಡವನ್ನು ಹಿಡಿಯುತ್ತದೆ. ಒಂದೊಂದು ಬಳುಕನ್ನೂ ಬೇರೆಯಾಗಿ ನೋಡಿದರೆ ಬಿದ್ದೇ ಹೋಗುತ್ತದೆ ಎನಿಸುತ್ತದೆ. ಆದರೆ ಒಂದು ಕಡೆ ವಾಲಿದ್ದಕ್ಕೆ ಇನ್ನೊಂದು ಕಡೆಯ ಸುತ್ತು ಆಧಾರ ಕೊಟ್ಟಿದೆ.

ಜಾಲರಿಯನ್ನು ಗಮನಿಸಿ. ಉಕ್ಕಿನ ಕೊಳವೆಗಳು ಅಲ್ಲಲ್ಲಿ ನಕ್ಷತ್ರದ ಆಕಾರದಲ್ಲಿ ಕೂಡಿ ತ್ರಿಕೋನಗಳಾಗಿವೆ. ನಾಲ್ಕು ಕಡ್ಡಿಗಳ ಚೌಕವನ್ನು ಮೂಲೆ ಹಿಡಿದು ತಳ್ಳಿದರೆ ಓರೆಯಾಗುತ್ತದೆ. ಮೂರು ಕಡ್ಡಿಗಳ ತ್ರಿಕೋನ, ಕಡ್ಡಿ ಮುರಿಯುವವರೆಗೂ ಆಕಾರ ಬಿಡುವುದಿಲ್ಲ. ತಿರುವು ಮುರುವಿನ ಈ ಆಕೃತಿ ಗಟ್ಟಿಯಾಗಿರುವುದಕ್ಕೆ ಇದೇ ಮುಖ್ಯ ಕಾರಣ. ಜಾಲರಿಯಲ್ಲಿ ಗೋಡೆಯಿಲ್ಲದಿರುವುದರಿಂದ ಗಾಳಿ ಅಡ್ಡಿಯಿಲ್ಲದೆ ಹಾಯ್ದು ಹೋಗುತ್ತದೆ ಎನ್ನುವುದು ಇನ್ನೊಂದು ಅನುಕೂಲ. ಒಟ್ಟು ಉಕ್ಕು ಸುಮಾರು 2,000 ಟನ್, ಅದರಲ್ಲಿ ಶೇ 60ರಷ್ಟು ಗುಜರಿಯಿಂದ ಕರಗಿಸಿ ಮಾಡಿದ್ದು. ತುಂಡುಗಳನ್ನು ಜೋಡಿಸಲು ಬಳಸಿದ ಬೋಲ್ಟುಗಳು ಸುಮಾರು 35,000.

ಬುಡದಲ್ಲಿ ಗಂಟೆಯನ್ನು ಬೋರಲು ಹಾಕಿದಂಥ ತುಕ್ಕು ಬಣ್ಣದ ದೊಡ್ಡ ಛತ್ರಿಯಿದೆ. ಬಣ್ಣ ಬಳಿಯದೆ ಬಿಟ್ಟಿದ್ದಾರೆ ಎಂದುಕೊಳ್ಳಬೇಡಿ. ಅದು ಕಾರ್‌ಟೆನ್ ಎಂಬ ಬಗೆಯ ಉಕ್ಕು. ಮಾಮೂಲಿ ಉಕ್ಕಿನ ತುಕ್ಕು ಪದರ ಪದರವಾಗಿ ಉದುರಿ ಒಳಗಿನ ಲೋಹವನ್ನು ತಿನ್ನುತ್ತಾ ಹೋಗುತ್ತದೆ. ತಾಮ್ರ, ಕ್ರೋಮಿಯಂನಂಥವು ಸ್ವಲ್ಪ ಸೇರಿರುವ ಈ ಉಕ್ಕಿನಲ್ಲಿ ಮೊದಲ ತುಕ್ಕಿನ ಪದರವೇ ಬಿಗಿಯಾಗಿ ಅಂಟಿಕೊಂಡು ಒಳಗಿನದನ್ನು ಕಾಯುತ್ತದೆ. ಈ ಛತ್ರಿಯ ಅಡಿಯ ಮಬ್ಬುಗತ್ತಲಿನಿಂದ ಹಾದು ಮೇಲಿನ ಬೆಳಕಿಗೆ ಹೋಗುವಂತೆ ದಾರಿ ಮಾಡಿರುವುದು ಬೇಕೆಂದೇ.

ಮೇಲೆ ಏನಿದೆ

ಲಿಫ್ಟಿನಲ್ಲಿ ಮೇಲೇರಲು 34 ಸೆಕೆಂಡು. ವೀಕ್ಷಣಾ ಮಹಡಿಗಳು ಎರಡು, ಒಂದು 80 ಮೀಟರ್ ಎತ್ತರದಲ್ಲಿ, ಇನ್ನೊಂದು 76 ಮೀಟರಿನಲ್ಲಿ. ಶಿಲ್ಪದ ಎತ್ತರ 114.5 ಮೀಟರ್ ಎಂದು ಓದಿ ಬಂದವರಿಗೆ ಇದು ಕಡಿಮೆ ಎನಿಸಬಹುದು. ಉಳಿದ ಎತ್ತರವೆಲ್ಲ ತಲೆಯ ಮೇಲಿನ ಕೆಂಪು ಸುತ್ತುಗಳದು.

ನೋಟದ ವಿಷಯದಲ್ಲಿ ನೇರವಾಗಿ ಹೇಳಬೇಕೆಂದರೆ, ಲಂಡನ್ನಿನ ಹೃದಯಭಾಗವನ್ನು ಹತ್ತಿರದಿಂದ ನೋಡುವುದಷ್ಟೇ ನಿಮ್ಮ ಆಸೆಯಾದರೆ ಇದು ಸರಿಯಾದ ಜಾಗವಲ್ಲ. ನಗರದ ನಡುವಿನ ಸೇಂಟ್ ಪಾಲ್ಸ್ ಚರ್ಚು ಇಲ್ಲಿಂದ ಆರೇಳು ಕಿಲೋಮೀಟರ್ ದೂರ. ಅದಕ್ಕೆ 244 ಮೀಟರ್ ಎತ್ತರದಿಂದ ತೋರಿಸುವ ಶಾರ್ಡ್ ಕಟ್ಟಡವಿದೆ, ಮೊದಲೇ ಕಾದಿರಿಸಿದರೆ ಉಚಿತವಾಗಿ ಬಿಡುವ ಸ್ಕೈ ಗಾರ್ಡನ್ ಇದೆ. ಆರ್ಬಿಟ್ಟಿನ ನೋಟದ ಗುಣವೇ ಬೇರೆ. ಪಶ್ಚಿಮಕ್ಕೆ ಕಾಲಡಿಯಲ್ಲೇ ಲಂಡನ್ ಸ್ಟೇಡಿಯಂ, ಅದರಾಚೆ ದೂರದಲ್ಲಿ ಸಾಲುಗಟ್ಟಿದ ಹಣಕಾಸು ಕೇಂದ್ರದ ಕಟ್ಟಡಗಳು. ದಕ್ಷಿಣಕ್ಕೆ ಕ್ಯಾನರಿ ವಾರ್ಫ್‌ನ ಗಾಜಿನ ಗೋಪುರಗಳು. ಉತ್ತರಕ್ಕೆ ಸೈಕಲ್ ಸ್ಪರ್ಧೆಯ ವೆಲೋಡ್ರೋಮ್, ಇನ್ನೊಂದು ಪಕ್ಕದಲ್ಲಿ ವಾಸ್ತುಶಿಲ್ಪಿ ಜಹಾ ಹದಿದ್ ರೂಪಿಸಿದ, ಅಲೆಯಾಕಾರದ ಚಾವಣಿಯ ಈಜುಕೊಳ. ಇವುಗಳ ನಡುವೆ ಲೀ ನದಿಯ ಕವಲುಗಳು. ಕಾರ್ಖಾನೆ, ಗೋದಾಮು, ಹಾಳುಬಿದ್ದ ಜಮೀನು ತುಂಬಿದ್ದ ಪ್ರದೇಶವೊಂದು ಒಂದು ಕ್ರೀಡಾಕೂಟದ ನೆಪದಲ್ಲಿ ಹೇಗೆ ಬದಲಾಯಿತು ಎಂಬುದು ಒಂದೇ ಸುತ್ತಿಗೆ ಕಾಣುವುದು ಇಲ್ಲಿ ಮಾತ್ರ.

ಸೂರ್ಯಾಸ್ತಕ್ಕೆ ಹೋಗುವವರು ತಿಂಗಳನ್ನು ಗಮನದಲ್ಲಿಡಬೇಕು. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ 9.20ರ ಸುಮಾರಿಗೆ, ಡಿಸೆಂಬರಿನಲ್ಲಿ ಮಧ್ಯಾಹ್ನ ನಾಲ್ಕಕ್ಕೂ ಮೊದಲೇ. ಬೇಸಿಗೆಯಲ್ಲಿ ಬೆಳಕು ಇಳಿಯುವ ಮುಂಚೆಯೇ ಬಾಗಿಲು ಹಾಕಿರುತ್ತದೆ, ಚಳಿಗಾಲದಲ್ಲಿ ಊಟ ಮುಗಿಸಿ ಆರಾಮವಾಗಿ ಹೊರಟವರಿಗೆ ಬೆಳಕೇ ಸಿಗುವುದಿಲ್ಲ. ಮಳೆ ನಿಂತ ಮೇಲಿನ ಒಂದೆರಡು ಗಂಟೆ ದೂರದ ನೋಟಕ್ಕೆ ಎಲ್ಲಕ್ಕಿಂತ ಒಳ್ಳೆಯದು, ಗಾಳಿಯಲ್ಲಿನ ಧೂಳು ತೊಳೆದುಹೋಗಿರುತ್ತದೆ.

ಮೇಲೆ ಕಪೂರ್ ಅವರ ಎರಡು ದೊಡ್ಡ ನಿಮ್ನ ದರ್ಪಣಗಳಿವೆ, ಅಂದರೆ ಒಳಕ್ಕೆ ಬಾಗಿದ ಕನ್ನಡಿಗಳು. ಹೆಚ್ಚಿನವರು ಒಂದು ಫೋಟೊ ತೆಗೆದು ಮುಂದೆ ಹೋಗುತ್ತಾರೆ. ಹತ್ತನೇ ತರಗತಿಯ ಬೆಳಕಿನ ಪಾಠ ನೆನಪಿದ್ದರೆ ಇಲ್ಲಿ ಹತ್ತು ನಿಮಿಷ ಕಳೆಯಬಹುದು. ತೀರಾ ಹತ್ತಿರ ನಿಂತರೆ ಮುಖ ನೆಟ್ಟಗೆ, ದೊಡ್ಡದಾಗಿ ಕಾಣುತ್ತದೆ. ಒಂದೊಂದೇ ಹೆಜ್ಜೆ ಹಿಂದೆ ಸರಿಯಿರಿ. ಒಂದು ಜಾಗದಲ್ಲಿ ಮುಖ ಹರಡಿ ಕಲಸಿಹೋಗುತ್ತದೆ, ಅಲ್ಲಿ ನೀವು ದರ್ಪಣದ ವಕ್ರತಾ ಕೇಂದ್ರದ ಹತ್ತಿರ ಇದ್ದೀರಿ. ಇನ್ನೂ ಹಿಂದೆ ಹೋದರೆ ನೀವೂ ನಿಮ್ಮ ಹಿಂದಿನ ಲಂಡನ್ನೂ ತಲೆಕೆಳಗಾಗಿ, ಚಿಕ್ಕದಾಗಿ ತೇಲುತ್ತೀರಿ.

ಜಾರುಬಂಡೆ ಎಂಬ ಬ್ರೇಕು

ಮೊದಲ ವಿನ್ಯಾಸದಲ್ಲಿ ಜಾರುಬಂಡೆ ಇರಲಿಲ್ಲ. ಕ್ರೀಡಾಕೂಟ ಮುಗಿದು 2014ರ ಏಪ್ರಿಲ್‌ನಲ್ಲಿ ಮತ್ತೆ ತೆರೆದಾಗ ನಿರೀಕ್ಷಿಸಿದಷ್ಟು ಜನ ಬರಲಿಲ್ಲ. 2014–15ರ ಒಂದೇ ವರ್ಷದಲ್ಲಿ 5.2 ಲಕ್ಷ ಪೌಂಡ್ ನಷ್ಟ, ಅಂದರೆ ವಾರಕ್ಕೆ 10,000 ಪೌಂಡ್. ಜಾರುಬಂಡೆ ಹಾಕೋಣ ಎಂದು ಮೇಯರ್ ಪಟ್ಟು ಹಿಡಿದರು. ಅದು ತಮ್ಮ ಮೇಲೆ ಹೇರಿದ್ದು ಎಂದು ಕಪೂರ್ ಬಹಿರಂಗವಾಗಿಯೇ ಹೇಳಿದ್ದಾರೆ. ಆದರೆ ಜಗಳಕ್ಕೆ ನಿಲ್ಲದೆ ಅವರು ಜಾಣ ದಾರಿ ಹಿಡಿದರು. ಜಾರುಬಂಡೆಯನ್ನೇ ಕಲೆಯಾಗಿ ಮಾಡಿಕೊಂಡಿರುವ ಕಾರ್ಸ್ಟನ್ ಹೊಲ್ಲರ್ ಅವರನ್ನು ಕರೆದರು. ಬ್ರಸೆಲ್ಸ್‌ನಲ್ಲಿ ಹುಟ್ಟಿದ, ಕೃಷಿ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಈ ಕಲಾವಿದ 2006ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್‌ನ ವಿಶಾಲ ಸಭಾಂಗಣದಲ್ಲಿ ಜಾರುಬಂಡೆಗಳನ್ನು ಹಾಕಿ ಜನರನ್ನು ಜಾರಿಸಿದ್ದರು. ಹೀಗೆ ಒಬ್ಬ ಕಲಾವಿದನ ಕೃತಿಯೊಳಗೆ ಇನ್ನೊಬ್ಬರ ಕೃತಿ ಸುತ್ತಿಕೊಂಡಿತು. 2016ರ ಜೂನ್‌ನಲ್ಲಿ ತೆರೆದಾಗ ಅದು ಜಗತ್ತಿನ ಅತಿ ಉದ್ದದ, ಅತಿ ಎತ್ತರದ ಕೊಳವೆ ಜಾರುಬಂಡೆ ಎನಿಸಿಕೊಂಡಿತು. ಗೋಪುರದ ಚಂದ ಕೆಟ್ಟಿತು ಎಂದವರಿದ್ದಾರೆ. ನಮ್ಮ ಮಟ್ಟಿಗೆ, ಸುತ್ತುವುದನ್ನೇ ವಸ್ತುವಾಗಿ ಇಟ್ಟುಕೊಂಡ ಶಿಲ್ಪಕ್ಕೆ ಮನುಷ್ಯರೇ ಸುತ್ತುತ್ತಾ ಇಳಿಯುವ ದಾರಿ ಹೊಂದಿಕೊಂಡಿದೆ.

76 ಮೀಟರ್ ಎತ್ತರದಿಂದ ಜಾರುವುದು ಎಂದಾಕ್ಷಣ ಮೂಡುವ ಭಯಕ್ಕೆ ಒಂದು ಲೆಕ್ಕ ಉತ್ತರ ಕೊಡುತ್ತದೆ. ಅಷ್ಟು ಎತ್ತರದಿಂದ ಘರ್ಷಣೆಯೇ ಇಲ್ಲದೆ ಇಳಿದರೆ ಕೆಳಗೆ ಮುಟ್ಟುವಾಗ ವೇಗ ಗಂಟೆಗೆ ಸುಮಾರು 139 ಕಿಲೋಮೀಟರ್ ಆಗುತ್ತದೆ. ಇಲ್ಲಿನ ಗರಿಷ್ಠ ವೇಗ ಗಂಟೆಗೆ ಸುಮಾರು 24 ಕಿಲೋಮೀಟರ್. ಸರಾಸರಿ ಇನ್ನೂ ಕಡಿಮೆ. 178 ಮೀಟರನ್ನು 40 ಸೆಕೆಂಡಿಗೆ ಭಾಗಿಸಿದರೆ ಗಂಟೆಗೆ 16 ಕಿಲೋಮೀಟರ್, ಆರಾಮವಾಗಿ ತುಳಿಯುವ ಸೈಕಲ್ಲಿನ ವೇಗ. 70 ಕಿಲೋ ತೂಕದವರು ಮೇಲೆ ನಿಂತಾಗ ಅವರಲ್ಲಿ ಸುಮಾರು 52,000 ಜೂಲ್ ಪ್ರಚ್ಛನ್ನ ಶಕ್ತಿ ಇರುತ್ತದೆ. ಗಂಟೆಗೆ 24 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಅವರ ಚಲನ ಶಕ್ತಿ ಸುಮಾರು 1,600 ಜೂಲ್ ಮಾತ್ರ. ಅಂದರೆ ಮೇಲಿಂದ ತಂದ ಶಕ್ತಿಯಲ್ಲಿ ನೂರಕ್ಕೆ ಮೂರು ಪಾಲು. ಉಳಿದ 97 ಪಾಲು ದಾರಿಯುದ್ದಕ್ಕೂ ಮ್ಯಾಟು, ಕೊಳವೆ, ಗಾಳಿಯ ಘರ್ಷಣೆಯಲ್ಲಿ ಶಾಖವಾಗಿ ಹೋಗುತ್ತದೆ. ಅಷ್ಟು ಶಾಖದಿಂದ ಒಂದು ಲೀಟರ್ ನೀರನ್ನು 12 ಡಿಗ್ರಿಯಷ್ಟು ಬಿಸಿ ಮಾಡಬಹುದು. ನೋಡುವವರಿಗೆ ಇದು ವೇಗ ಕೊಡುವ ಸಾಧನ. ಎಂಜಿನಿಯರಿಗೆ ಇದು 178 ಮೀಟರ್ ಉದ್ದದ ಬ್ರೇಕು.

ಹಾಗಾದರೆ ಸುತ್ತು ಯಾಕೆ, ನೇರವಾಗಿಯೇ ಹಾಕಬಹುದಿತ್ತಲ್ಲ? 178 ಮೀಟರ್ ಉದ್ದಕ್ಕೆ 76 ಮೀಟರ್ ಇಳಿಜಾರು ಎಂದರೆ ಸರಾಸರಿ ಓರೆ ಸುಮಾರು 25 ಡಿಗ್ರಿ. ಇದೇ ಓರೆಯಲ್ಲಿ ನೇರ ಜಾರುಬಂಡೆ ಹಾಕಿ ಘರ್ಷಣಾಂಕ (ಮೇಲ್ಮೈಗಳ ನಡುವಿನ ತಡೆಯ ಅಳತೆ) 0.3 ಎಂದು ಇಟ್ಟುಕೊಂಡರೂ ಬುಡದಲ್ಲಿ ವೇಗ ಗಂಟೆಗೆ 80 ಕಿಲೋಮೀಟರ್ ದಾಟುತ್ತದೆ. ಅಲ್ಲಿ ನಿಲ್ಲಿಸುವುದು ಹೇಗೆ? ತಿರುವು ಈ ಸಮಸ್ಯೆಯನ್ನು ತಾನಾಗಿ ಬಿಡಿಸುತ್ತದೆ. ತಿರುವಿನಲ್ಲಿ ಮೈ ಹೊರಗೋಡೆಗೆ ಒತ್ತುತ್ತದೆ, ಒತ್ತಿದಷ್ಟೂ ಘರ್ಷಣೆ ಹೆಚ್ಚು. ವೇಗ ಎರಡರಷ್ಟಾದರೆ ಗೋಡೆಯ ಕಡೆಗಿನ ಈ ಒತ್ತಡ ನಾಲ್ಕರಷ್ಟಾಗುತ್ತದೆ. ಹಾಗಾಗಿ ಯಾರಾದರೂ ವೇಗವಾಗಿ ಬಂದರೆ ತಿರುವು ಅವರನ್ನು ಹೆಚ್ಚು ತಡೆಯುತ್ತದೆ, ನಿಧಾನವಾಗಿ ಬಂದವರನ್ನು ಕಡಿಮೆ ತಡೆಯುತ್ತದೆ. ಯಾವ ಯಂತ್ರವೂ ಇಲ್ಲದೆ, ಬರೀ ಆಕಾರದಿಂದಲೇ ವೇಗಕ್ಕೆ ಮಿತಿ ಬೀಳುತ್ತದೆ. ಉದಾಹರಣೆಗೆ 5 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 24 ಕಿಲೋಮೀಟರ್ ವೇಗದಲ್ಲಿ ಹೋದರೆ ಗೋಡೆಯ ಕಡೆಗೆ ಬೀಳುವ ಒತ್ತಡ ಹೆಚ್ಚುಕಡಿಮೆ ನಿಮ್ಮ ತೂಕದಷ್ಟೇ ಆಗುತ್ತದೆ. ಬೆನ್ನಿನಡಿಯ ನೆಲ ಪಕ್ಕಕ್ಕೆ ವಾಲಿದಂತೆ ಅನಿಸುವುದು ಇದರಿಂದಲೇ.

ದಾರಿಯಲ್ಲಿ ಒಂದು ಕಡೆ ತಿರುವುಗಳು ಒತ್ತೊತ್ತಾಗಿವೆ. ಅದಕ್ಕೆ ಬೆಟ್‌ಫೆಡರ್ ಎಂದು ಹೆಸರು, ಜರ್ಮನ್ ಭಾಷೆಯಲ್ಲಿ ಹಾಸಿಗೆಯ ಸ್ಪ್ರಿಂಗು ಎಂದರ್ಥ. ವೇಗ ಹೆಚ್ಚದಿದ್ದರೂ ಹೆಚ್ಚಿತೆಂದು ಅನಿಸುವ ಜಾಗ ಅದು. ಕಿವಿಯೊಳಗಿನ ಸಮತೋಲನದ ಅಂಗ ಅಳೆಯುವುದು ವೇಗವನ್ನಲ್ಲ, ವೇಗ ಮತ್ತು ದಿಕ್ಕಿನ ಬದಲಾವಣೆಯನ್ನು. ಕಣ್ಣಿಗೂ ಹೀಗೆಯೇ. ಕೊಳವೆಯ ಕೆಲವು ಭಾಗ ಪಾರದರ್ಶಕ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿನದು, ಉಳಿದದ್ದು ಲೋಹದ್ದು. ಬೆಳಕು, ಕತ್ತಲೆ, ಮತ್ತೆ ಬೆಳಕು ಎಂದು ಬದಲಾಗುತ್ತಾ ಹೋದಾಗ ಮೆದುಳಿಗೆ ಮುಂದಿನ ತಿರುವು ಊಹೆಗೆ ಸಿಗುವುದಿಲ್ಲ. ಕೊನೆಯ 50 ಮೀಟರ್ ನೇರ ಓಟ.

ಜಾರುವವರು ತಿಳಿದಿರಬೇಕಾದದ್ದು

ಕನಿಷ್ಠ ವಯಸ್ಸು 8 ವರ್ಷ, ಕನಿಷ್ಠ ಎತ್ತರ 1.3 ಮೀಟರ್. ಎರಡೂ ಬೇಕು. ವಯಸ್ಸಾಗಿದ್ದರೂ ಎತ್ತರ ಸಾಲದೆ ಮೇಲೆ ಹೋಗಿ ಅತ್ತ ಮಕ್ಕಳನ್ನು ಸಮಾಧಾನ ಮಾಡುವುದಕ್ಕಿಂತ ಮನೆಯಲ್ಲೇ ಗೋಡೆಗೆ ನಿಲ್ಲಿಸಿ ಅಳೆಯುವುದು ಸುಲಭ. ಗರ್ಭಿಣಿಯರು, ಕತ್ತು ಬೆನ್ನಿನ ತೊಂದರೆ ಅಥವಾ ಹೃದಯದ ಕಾಯಿಲೆ ಇರುವವರು ಜಾರುವ ಟಿಕೆಟ್ ಕೊಳ್ಳಬಾರದು. ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಜಾರುವ ಪಾರ್ಕಿನ ರೂಢಿ ಇಲ್ಲಿ ನಡೆಯದು, ಒಬ್ಬೊಬ್ಬರೇ ಹೋಗಬೇಕು. ಹಿಂದಿನವರು ಮುಂದಿನವರನ್ನು ಕೊಳವೆಯೊಳಗೆ ಹಿಡಿದುಬಿಡದಂತೆ ನಡುವೆ ಅಂತರ ಬಿಡುತ್ತಾರೆ.

ತಲೆಗೆ ಹೆಲ್ಮೆಟ್ಟು, ಮೊಣಕೈಗೆ ರಕ್ಷಾಕವಚ ಹಾಕಿಸಿ ಒಂದು ಮ್ಯಾಟು ಕೊಡುತ್ತಾರೆ. ಅದರ ತುದಿಯಲ್ಲಿ ಪಾದ ತೂರಿಸಲು ಜೇಬಿನಂಥ ಭಾಗವಿದೆ. ಅದು ಸುಮ್ಮನೆ ಇಟ್ಟದ್ದಲ್ಲ. ಬೂಟಿನ ರಬ್ಬರ್ ಅಟ್ಟೆ ಕೊಳವೆಗೆ ತಗುಲಿದರೆ ಅದು ಗಬಕ್ಕನೆ ಹಿಡಿಯುತ್ತದೆ, ಪಾದ ನಿಂತು ಮೈ ಮುಂದೆ ಬರುತ್ತದೆ, ಮಂಡಿ ತಿರುಚುತ್ತದೆ. ಪಾದ ಜೇಬಿನೊಳಗಿದ್ದರೆ ಕೊಳವೆಗೆ ತಗುಲುವುದು ಮ್ಯಾಟು ಮಾತ್ರ. ಬೆನ್ನ ಮೇಲೆ ಮಲಗಿ, ಮ್ಯಾಟಿನ ಹಿಡಿಕೆ ಹಿಡಿದು, ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು ಕಾಲು ಮುಂದಾಗಿ ಹೋಗಬೇಕು. ಸಾಮಾನ್ಯವಾಗಿ ಆಗುವ ತಪ್ಪು ಎಂದರೆ ಹೆದರಿ ಎದ್ದು ಕೂರಲು ನೋಡುವುದು. ಆಗ ತೂಕವೆಲ್ಲ ಸೊಂಟದಡಿಯ ಒಂದೇ ಜಾಗಕ್ಕೆ ಬೀಳುತ್ತದೆ, ಮ್ಯಾಟು ಓರೆಯಾಗುತ್ತದೆ, ತಿರುವಿನಲ್ಲಿ ಭುಜ ಗೋಡೆಗೆ ಬಡಿಯುತ್ತದೆ. ಕೈ ಚಾಚಿ ಗೋಡೆ ಹಿಡಿಯಲು ಹೋದರೆ ಚರ್ಮ ಉಜ್ಜಿ ಸುಟ್ಟಂತಾಗುತ್ತದೆ. ಗಲ್ಲವನ್ನು ಸ್ವಲ್ಪ ಎದೆಯ ಕಡೆಗೆ ತಂದುಕೊಂಡರೆ ಕತ್ತಿಗೆ ಆರಾಮ.

ಉಡುಪಿನ ಬಗ್ಗೆ ನಮ್ಮವರಿಗೆ ಒಂದು ಮಾತು. ಸೀರೆ, ಪಂಚೆ, ಉದ್ದ ಲಂಗ, ದುಪಟ್ಟಾ ಇಲ್ಲಿಗೆ ಆಗುವುದಿಲ್ಲ. ಮಲಗಿ ಜಾರುವಾಗ ಬಟ್ಟೆ ಮೇಲಕ್ಕೆ ಸರಿಯುತ್ತದೆ, ಸಡಿಲ ಅಂಚು ಮೈಯಡಿಗೆ ಸಿಕ್ಕಿ ಎಳೆಯುತ್ತದೆ. ಪ್ಯಾಂಟು, ಪೂರ್ತಿ ತೋಳಿನ ಅಂಗಿ, ಕಟ್ಟಿದ ಬೂಟು ಒಳ್ಳೆಯದು. ಕಿವಿಯ ದೊಡ್ಡ ಜುಮುಕಿ, ತಲೆಯ ಕ್ಲಿಪ್ಪು, ಮೇಲಿನ ಜೇಬಿನ ಮೊಬೈಲು ಎಲ್ಲ ತೆಗೆಯಿರಿ. ಚೀಲ ಹಿಡಿದು ಜಾರಲು ಆಗದ ಕಾರಣ ಲಿಫ್ಟಿನಲ್ಲಿ ಇಳಿಯುವ ಒಬ್ಬರು ಜೊತೆಗಿದ್ದರೆ ಎಲ್ಲ ಸಲೀಸು.

ಒಂದು ಕ್ರಮ ಪಾಲಿಸಿ. ಜಾರಿದ ಮೇಲೆ ನೀವು ನೆಲದ ಮೇಲಿರುತ್ತೀರಿ. ಆದ್ದರಿಂದ ನೋಟ, ದರ್ಪಣ, ಫೋಟೊ ಎಲ್ಲ ಮೊದಲೇ ಮುಗಿಸಿಕೊಂಡು, ನಿಮ್ಮ ಸರದಿಯ ಸಮಯಕ್ಕಿಂತ ಸಾಕಷ್ಟು ಮುಂಚೆ ಮೇಲಕ್ಕೆ ಹೋಗಿ. ಸರದಿ ಹತ್ತಿರ ಬಂದಾಗ ಧೈರ್ಯ ಸಾಲದಿದ್ದರೆ ನಾಚಬೇಕಿಲ್ಲ, ಲಿಫ್ಟು ಇದ್ದೇ ಇದೆ. ಗಾಲಿಕುರ್ಚಿಯವರೂ ಅದೇ ಲಿಫ್ಟಿನಲ್ಲಿ ಮೇಲೆ ಹೋಗಿ ಬರಬಹುದು.

ಮೆಟ್ಟಿಲಿನ ದಾರಿಯನ್ನು ಬಹಳ ಜನ ಮರೆಯುತ್ತಾರೆ, ಅದು ಅನ್ಯಾಯ. 455 ಮೆಟ್ಟಿಲುಗಳು ಜಾಲರಿಯ ಗೂಡಿನೊಳಗೆ ಕಾಂಡವನ್ನು ಸುತ್ತುತ್ತಾ ಇಳಿಯುತ್ತವೆ. ದಾರಿಯಲ್ಲಿ ಲಂಡನ್ನಿನ ಸದ್ದುಗಳನ್ನು ಕೇಳಿಸುವ ವ್ಯವಸ್ಥೆಯನ್ನೂ ಮಾಡಲಾಗಿತ್ತು. ಕೆಂಪು ಕೊಳವೆಗಳು ಕೈಗೆಟುಕುವಷ್ಟು ಹತ್ತಿರ ಬರುವುದು, ಬೋಲ್ಟುಗಳು, ನಕ್ಷತ್ರದ ಕೂಡುಗಳು ಸ್ಪಷ್ಟವಾಗಿ ಕಾಣುವುದು ಇಲ್ಲಿಂದಲೇ. ಶಿಲ್ಪವನ್ನು ನೋಡಲೆಂದೇ ಬಂದವರಿಗೆ ಇದೇ ಉತ್ತಮ ದಾರಿ. ಮಂಡಿನೋವು ಇರುವವರಿಗೆ ಬೇಡ. ಇಳಿಯುವಾಗ ಮಂಡಿಗೆ ಹತ್ತುವಾಗಿನದಕ್ಕಿಂತ ಹೆಚ್ಚು ಪೆಟ್ಟು.

ಹೋಗುವ ದಾರಿ

ಸ್ಟ್ರಾಟ್‌ಫರ್ಡ್‌ಗೆ ಸೆಂಟ್ರಲ್, ಜೂಬಿಲಿ, ಎಲಿಜಬೆತ್ ಲೈನುಗಳು, ಡಿಎಲ್‌ಆರ್ (ಡಾಕ್‌ಲ್ಯಾಂಡ್ಸ್ ಲಘು ರೈಲು), ಓವರ್‌ಗ್ರೌಂಡ್ ರೈಲು ಎಲ್ಲವೂ ಬರುತ್ತವೆ. ಹೀಥ್ರೂನಿಂದ ಎಲಿಜಬೆತ್ ಲೈನು ಹಿಡಿದವರು ರೈಲಿನ ಹಣೆಬರಹ ನೋಡಿಕೊಳ್ಳಬೇಕು. ಶೆನ್‌ಫೀಲ್ಡ್ ಕಡೆಗಿನದು ನೇರ ಹೋಗುತ್ತದೆ, ಅಬೀ ವುಡ್ ಕಡೆಗಿನದಾದರೆ ವೈಟ್‌ಚಾಪೆಲ್‌ನಲ್ಲಿ ಬದಲಿಸಬೇಕು. ಸೇಂಟ್ ಪ್ಯಾಂಕ್ರಾಸ್‌ನಿಂದ ವೇಗದ ರೈಲಿನಲ್ಲಿ ಬರುವವರು ಇಳಿಯುವುದು ಸ್ಟ್ರಾಟ್‌ಫರ್ಡ್ ಇಂಟರ್‌ನ್ಯಾಷನಲ್ ಎಂಬ ಬೇರೆ ನಿಲ್ದಾಣದಲ್ಲಿ. ಸ್ಟ್ರಾಟ್‌ಫರ್ಡ್‌ನಿಂದ ವೆಸ್ಟ್‌ಫೀಲ್ಡ್ ಮಾಲ್ ಹಾದು ನಡೆದರೆ ಕಾಲು ಗಂಟೆ.

ಪಕ್ಕದ ಸ್ಟೇಡಿಯಂ ವೆಸ್ಟ್ ಹ್ಯಾಮ್ ಫುಟ್‌ಬಾಲ್ ತಂಡದ ತವರು. ಪಂದ್ಯ ಅಥವಾ ದೊಡ್ಡ ಸಂಗೀತ ಕಾರ್ಯಕ್ರಮವಿದ್ದ ದಿನ ಹತ್ತಾರು ಸಾವಿರ ಜನ ಒಟ್ಟಿಗೆ ನಿಲ್ದಾಣಕ್ಕೆ ನುಗ್ಗುತ್ತಾರೆ, ಒಳಗೆ ಬಿಡುವುದನ್ನೂ ತಡೆಹಿಡಿಯುತ್ತಾರೆ. ಟಿಕೆಟ್ ಕಾದಿರಿಸುವ ಮೊದಲು ಪಂದ್ಯದ ವೇಳಾಪಟ್ಟಿ ನೋಡಿ. ಗೋಪುರದ ನಿರ್ವಹಣೆ, ದರ, ತೆರೆದಿರುವ ದಿನಗಳು ಆಗಾಗ ಬದಲಾಗುತ್ತವೆ, ಜೋರು ಗಾಳಿಯಿದ್ದರೆ ಜಾರಾಟ ನಿಲ್ಲಿಸುವುದೂ ಉಂಟು. ಹಾಗಾಗಿ ಹೊರಡುವ ದಿನ ಬೆಳಿಗ್ಗೆ ಅಧಿಕೃತ ಜಾಲತಾಣವನ್ನು ಒಮ್ಮೆ ನೋಡಿಕೊಳ್ಳಿ.

ಅರ್ಧ ದಿನ ಉಳಿದರೆ ಜೂಬಿಲಿ ಲೈನಿನಲ್ಲಿ ರೈಲು ಬದಲಿಸದೆ ವೆಸ್ಟ್‌ಮಿನ್‌ಸ್ಟರ್‌ಗೆ ಹೋಗಬಹುದು. ಸೇತುವೆ ದಾಟಿ ಬಲಕ್ಕೆ ತಿರುಗಿ, ನದಿಯ ಪಕ್ಕದಲ್ಲೇ ಲ್ಯಾಂಬೆತ್ ಸೇತುವೆಯಾಚೆಗೆ ಸುಮಾರು ಇಪ್ಪತ್ತು ನಿಮಿಷ ನಡೆದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ 2015ರ ನವೆಂಬರ್‌ನಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆ ಇದೆ. ಅದಕ್ಕೆ ಟಿಕೆಟ್ಟೂ ಇಲ್ಲ, ಸರದಿಯೂ ಇಲ್ಲ.